ಅರವತ್ತಡಿ ಬೇಲಿಗೆ ಕತ್ತರಿ ಬೇಡದ ಗಿಡ ಹುಡುಕಿದ್ದು

2022ರಲ್ಲಿ ನಾನು ನಮ್ ತೋಟದ ಬೇಲಿಗಿಡ ಕತ್ತರಿಸಿದ್ದು 17 ಸಲ. ಲೆಕ್ಕ ಇಟ್ಟಿದ್ದು ನಾನಲ್ಲ, ಹೆಂಡ್ತಿ. ಅಡುಗೆಮನೆ ಕ್ಯಾಲೆಂಡರಲ್ಲಿ ಹಾಲು ಬರದೇ ಇದ್ದ ದಿನಕ್ಕೆ ಸುತ್ತು ಹಾಕ್ತಾಳಲ್ಲ, ಅದೇ ಪೆನ್ನಲ್ಲಿ ನಾನು ಕತ್ತರಿ ಹಿಡ್ದ ಭಾನುವಾರಕ್ಕೆಲ್ಲ ಒಂದೊಂದು ಇಂಟು ಮಾರ್ಕ್ ಹಾಕ್ತಾ ಬಂದಿದ್ಳು, ಡಿಸೆಂಬರ್ ಕೊನೇಲಿ ಕ್ಯಾಲೆಂಡರ್ ಇಳಿಸಿ ಎಣಿಸಿ "ನೋಡ್ರೀ, ಹದಿನೇಳು ಭಾನುವಾರ ಆ ಗಿಡಕ್ಕೆ ಕ್ಷೌರ ಮಾಡ್ಕೊಂಡೇ ಕಳೆದ್ರಿ" ಅಂತ ಮುಂದೆ ಹಿಡಿದ್ಳು. ಒಂದ್ಸಲಕ್ಕೆ ಮೂರು ಗಂಟೆ ಅಂದ್ರೂ 51 ಗಂಟೆ. ಅದಲ್ದೆ ಕತ್ತರಿಸಿದ ಸೊಪ್ಪು ಪ್ರತಿ ಸಲ ಎರಡು ಮೂರು ಗೋಣಿಚೀಲ, ಅದನ್ನ ಎಲ್ಲಿ ಹಾಕೋದು ಅನ್ನೋದೇ ಬೇರೆ ತಲೆನೋವು. ಅವತ್ತೇ ತೀರ್ಮಾನ ಮಾಡ್ದೆ, ಈ ಗಿಡ ಕೀಳ್ಬೇಕು.

ಜಾಗ ಹೇಗಿದೆ ಅಂತ ಹೇಳ್ಬಿಡ್ತೀನಿ. ನಮ್ಮನೆ ಬೆಂಗಳೂರಿನ ಅಂಜನಾಪುರದ ಕಡೆ. ಮನೆ ಪಕ್ಕದ 40×60 ಸೈಟನ್ನ ಅಪ್ಪ ಯಾವಾಗ್ಲೋ ತಗೊಂಡಿದ್ರು, ಅದ್ರಲ್ಲಿ ಮನೆ ಕಟ್ಟಿಲ್ಲ, ನಾಲ್ಕು ತೆಂಗು, ಒಂದು ಸೀಬೆ, ಒಂದು ನುಗ್ಗೆ, ಒಂದಿಷ್ಟು ಸೊಪ್ಪಿನ ಮಡಿ. ಎರಡು ಕಡೆ ಗೋಡೆ ಇದೆ. ಇನ್ನೆರಡು ಕಡೆ, ಅಂದ್ರೆ ರಸ್ತೆ ಕಡೆ 40 ಅಡಿ ಮತ್ತೆ ದಕ್ಷಿಣಕ್ಕೆ ಪಕ್ಕದ್ಮನೆ ಕಡೆ 60 ಅಡಿ, ಕಲ್ಲುಕಂಬ ನೆಟ್ಟು ಜಾಲರಿ ಹೊಡೆದಿರೋದು ಅಷ್ಟೆ. ಪಕ್ಕದ್ಮನೆ ಅಂಕಲ್ ಬೆಳಗ್ಗೆ ಹಲ್ಲುಜ್ಜೋಕೆ ಹೊರಗ್ಬಂದ್ರೆ ನಮ್ಮಮ್ಮ ಇಲ್ಲಿ ತುಳಸಿಗೆ ನೀರು ಹಾಕ್ತಿರ್ತಾರೆ, ಇಬ್ರಿಗೂ ಮುಜುಗರ. ಮರೆಗೆ ಏನಾದ್ರೂ ಬೇಕಿತ್ತು.

2021ರ ಆಗಸ್ಟಲ್ಲಿ ಗೋಲ್ಡನ್ ದುರಂತ ಹಾಕಿದ್ದೆ. ಹೆಸರಲ್ಲೇ ಎಚ್ಚರಿಕೆ ಇತ್ತು, ನನಗೆ ಕೇಳಿಸ್ಲಿಲ್ಲ! ಬೆಂಗಳೂರಲ್ಲಿ ಯಾವ ಅಪಾರ್ಟ್‌ಮೆಂಟ್ ನೋಡಿ, ಯಾವ ರಸ್ತೆ ಮಧ್ಯದ ಮೀಡಿಯನ್ ನೋಡಿ, ಆ ಹಳದಿ ಎಲೆ ಗಿಡನೇ. ಒಂದು ಪ್ಯಾಕೆಟ್ಟು ಹತ್ತಿಪ್ಪತ್ತು ರೂಪಾಯಿ, ಎಲ್ಲಿ ಚುಚ್ಚಿದ್ರೂ ಹತ್ಕೊಳ್ಳುತ್ತೆ, ಆರು ತಿಂಗಳಿಗೆ ಮೊಣಕಾಲು ದಾಟಿರುತ್ತೆ. ಅದೇ ಅದ್ರ ಗುಣ, ಅದೇ ಅದ್ರ ರೋಗ. ಮಳೆಗಾಲದಲ್ಲಿ ಮೂರು ವಾರ ಬಿಟ್ರೆ ಒಂದೊಂದು ಚಿಗುರು ಒಂದೊಂದಡಿ ಆಚೆ ಚಾಚಿರುತ್ತೆ, ಒಂದು ತುದಿ ಕತ್ತರಿಸಿದ್ರೆ ಕೆಳಗಿಂದ ಎರಡು ಬರುತ್ತೆ. ಲಾಲ್‌ಬಾಗಲ್ಲಿ ಅದು ಗೆರೆ ಎಳೆದ ಹಾಗೆ ಕಾಣುತ್ತೆ ಅಂತ ನಾನೂ ಮೋಸ ಹೋದೆ, ಅಲ್ಲಿ ದಿನಾ ಕತ್ತರಿ ಹಿಡಿಯೋಕೆ ಜನ ಇದ್ದಾರೆ ಅನ್ನೋದು ತಲೆಗೆ ಬರ್ಲಿಲ್ಲ. ನರ್ಸರಿಗೆ ಹೋದಾಗ ನಾವೆಲ್ಲ ಕೇಳೋದು "ಎಷ್ಟು ಬೇಗ ಬರುತ್ತೆ" ಅಂತ. ಕೇಳ್ಬೇಕಾಗಿದ್ದು "ಎಲ್ಲಿಗೆ ನಿಲ್ಲುತ್ತೆ" ಅಂತ. ಹತ್ತಡಿ ಹೋಗ್ಬೇಕು ಅಂತ ಹುಟ್ಟಿರೋ ಗಿಡನ ನಾಲ್ಕಡಿಗೆ ನಿಲ್ಲಿಸ್ತೀನಿ ಅಂತ ಹೊರಟ್ರೆ ಉಳಿದ ಆರಡಿನ ಪ್ರತಿ ವರ್ಷ ನಾವೇ ಕತ್ತರಿಸ್ಬೇಕು.

2023ರ ಜನವರಿಲಿ ಕೀಳೋಕೆ ಶುರು ಮಾಡಿದ್ವಿ. ನಾನು, ಜೊತೆಗೆ ವಾರಕ್ಕೆ ಒಂದಿನ ಬರೋ ತಾತ. ತಾತ ಕನಕಪುರದ ಆಚೆ ಊರಿನವ್ರು, ಎಪ್ಪತ್ತರ ಹತ್ರ ವಯಸ್ಸು, ನಾನು ಹಾರೆ ಎತ್ತಿ ಎರಡು ಏಟು ಹಾಕಿ ಉಸ್ಸಪ್ಪಾ ಅಂತ ಕೂರೋಷ್ಟರಲ್ಲಿ ಅವ್ರು ಗಿಡ ಬುಡಸಮೇತ ಪಕ್ಕಕ್ಕೆ ಹಾಕಿರ್ತಾರೆ. ಕಿತ್ತಾಗ ಗೊತ್ತಾಗಿದ್ದು ಮಣ್ಣಿನ ಕಥೆ. ಮೇಲೆ ಆರಿಂಚು ಕೆಮ್ಮಣ್ಣು, ಅದ್ರ ಕೆಳಗೆ ಪೂರ್ತಿ ಪಕ್ಕದ್ಮನೆ ಕಟ್ಟಿದಾಗ ಉಳಿದ ಡೆಬ್ರಿಸ್. ಕಾಂಕ್ರೀಟ್ ಚೂರು, ಟೈಲ್ಸು, ಗಟ್ಟಿಯಾದ ಸಿಮೆಂಟ್ ಉಂಡೆ, ಒಂದು ಹಳೇ ಚಪ್ಪಲಿ.

ಇದನ್ನ ನೋಡಿದ್ಮೇಲೆ ಒಂದು ಹಳೇ ಒಗಟು ಬಿಡಿಸ್ತು. ದುರಂತಕ್ಕಿಂತ ಮುಂಚೆ ಅಮ್ಮ ಅಲ್ಲೇ ಒಂದು ಮೂಲೇಲಿ ಕೇಪಳ ಹಾಕಿದ್ರು, ನರ್ಸರಿಯವ್ರು ಇಕ್ಸೋರಾ ಅಂತಾರಲ್ಲ, ಅದು. ವರ್ಷ ಆದ್ರೂ ಎಲೆ ಹಳದಿ, ನರ ಮಾತ್ರ ಹಸಿರು, ಎಷ್ಟು ಗೊಬ್ಬರ ಹಾಕಿದ್ರೂ ಅಷ್ಟೆ. ಅದು ಕಬ್ಬಿಣದ ಕೊರತೆ. ಮಣ್ಣಲ್ಲಿ ಕಬ್ಬಿಣ ಇಲ್ಲ ಅಂತಲ್ಲ, ನಮ್ ಕೆಮ್ಮಣ್ಣಿನ ಬಣ್ಣವೇ ಕಬ್ಬಿಣದ್ದು. ಸಿಮೆಂಟಿನ ಸುಣ್ಣ ಸೇರಿ ಮಣ್ಣು ಕ್ಷಾರ ಆದ್ರೆ ಬೇರಿಗೆ ಅದನ್ನ ಎಳ್ಕೊಳ್ಳೋಕೆ ಆಗಲ್ಲ, ಮೇಲಿಂದ ನಾವು ಹಾಕೋ ಬೋರ್‌ವೆಲ್ ಗಡಸು ನೀರು ಬೇರೆ. ಖಾತ್ರಿ ಮಾಡ್ಕೊಳ್ಳೋಣ ಅಂತ ಒಂದು ಸ್ಟೀಲ್ ಬಟ್ಟಲಲ್ಲಿ ಎರಡು ಚಮಚ ಒಣಮಣ್ಣು ಹಾಕಿ ಮೇಲೆ ವಿನೆಗರ್ ಸುರಿದೆ. ಬುಸ್ ಅಂತ ಸೋಡಾ ಥರ ನೊರೆ ಬಂತು. ಮನೆ ಹಿಂದಿನ ಮಡಿ ಮಣ್ಣಿಗೆ ಹಾಕ್ದೆ, ಸುಮ್ನೆ ಹೀರ್ಕೊಂಡು ಕೂತ್ಕೊಂತು. ನೊರೆ ಬಂದ್ರೆ ಸುಣ್ಣ ಇದೆ ಅಂತ, ಇದಕ್ಕಿಂತ ಸುಲಭದ ಟೆಸ್ಟ್ ಇಲ್ಲ. ಸೈಟ್ ಪಕ್ಕ ಗಿಡ ಹಾಕೋರೆಲ್ಲ ಮೊದ್ಲು ಒಂದಡಿ ಅಗೆದು ಇದನ್ನ ಮಾಡಿ, ಗಿಡದ ದುಡ್ಡು ಉಳಿಯುತ್ತೆ.

ಸರಿ, ಗಿಡ ಯಾವುದು? ನನ್ ಷರತ್ತು ಇಷ್ಟು. ವರ್ಷಕ್ಕೆ ಎರಡು ಮೂರು ಸಲಕ್ಕಿಂತ ಜಾಸ್ತಿ ಕತ್ತರಿ ಬೇಡ. ಒಂದು ವರ್ಷ ಆದ್ಮೇಲೆ ಬೇಸಿಗೇಲೂ ವಾರಕ್ಕೊಂದು ಬಿಂದಿಗೆ ನೀರಲ್ಲಿ ಬದುಕ್ಬೇಕು. ನಮ್ ಬೀದಿ ಹಸುಗಳು ತಿನ್ಬಾರ್ದು. ಪಕ್ಕದ್ಮನೆ ಸಂಪು ನಮ್ ಗೆರೆಯಿಂದ ಮೂರೇ ಅಡಿ, ಹಾಗಾಗಿ ಬೇರು ಪುಂಡಾಟ ಮಾಡ್ಬಾರ್ದು.

ಈ ಕೊನೇ ಷರತ್ತಿಗೆ ಫೈಕಸ್, ಅಂದ್ರೆ ಆಲ ಅರಳಿಯ ಜಾತಿ, ಪೂರ್ತಿ ಔಟು. ದಾಸವಾಳ ಅಮ್ಮನ ಆಸೆ, ದಿನಾ ಪೂಜೆಗೆ ಹೂ, ಆದ್ರೆ ಹಸು ಜಾಲರಿ ಒಳಗೆ ನಾಲಿಗೆ ತೂರಿಸಿ ಎಳ್ಕೊಂಡು ತಿನ್ನುತ್ತೆ, ಉಳಿದಿದ್ದಕ್ಕೆ ಹತ್ತಿ ಹಿಂಜಿ ಅಂಟಿಸಿದ ಹಾಗೆ ಬಿಳಿ ತಿಗಣೆ. ಬೋಗನ್‌ವಿಲ್ಲಾ ನೋಡೋಕೆ ಚೆಂದ, ಕತ್ತರಿಸೋನ ಕೈ ನೋಡಿದ್ರೆ ಅಲ್ಲ. ಕಣಗಿಲೆ ನೀರು ಕೇಳಲ್ಲ, ದನನೂ ಮುಟ್ಟಲ್ಲ, ಆದ್ರೆ ಬೇರಿಂದ ಹೂವಿನ ತನಕ ವಿಷ, ಮನೇಲಿ ಆಗ ಮೂರು ವರ್ಷದ ಮಗು ಇತ್ತು. ಲಂಟಾನಾ ಅಂತ ಯಾರೋ ಅಂದ್ರು, ಬ್ರಿಟಿಷರ ಕಾಲದಲ್ಲಿ ತೋಟದ ಅಲಂಕಾರಕ್ಕೆ ಅಂತ ಬಂದಿದ್ದು ಇವತ್ತು ಬಂಡೀಪುರದ ಕಾಡನ್ನೇ ನುಂಗಿ ಕೂತಿದೆ, ಅದನ್ನ ನಾನು ದುಡ್ಡು ಕೊಟ್ಟು ತರ್ಲಾ.

ಹೊಸೂರು ರೋಡ್ ಕಡೆ ಒಂದು ನರ್ಸರಿಗೆ ಹೋದ್ರೆ "ಸಾರ್, ಕೋನೋಕಾರ್ಪಸ್ ತಗೊಳಿ, ಒಂದು ವರ್ಷಕ್ಕೆ ಹತ್ತಡಿ ಗೋಡೆ" ಅಂದ್ರು. ನನಗೆ ಹತ್ತಡಿ ಅಂದ ತಕ್ಷಣ ಸೊಂಟ ನೋವು ಶುರುವಾಯ್ತು. ಅದೇ ವರ್ಷ ಸೆಪ್ಟೆಂಬರಲ್ಲಿ ಗುಜರಾತ್ ಸರ್ಕಾರ ಆ ಗಿಡ ನೆಡೋದನ್ನೇ ನಿಷೇಧ ಮಾಡ್ತು, ಅದ್ರ ಬೇರು ಕೇಬಲ್, ಚರಂಡಿ ಪೈಪು ಹಾಳು ಮಾಡುತ್ತೆ, ಪರಾಗದಿಂದ ಅಲರ್ಜಿ ಬರುತ್ತೆ ಅಂತ. ಸಂಪು ಪಕ್ಕ ಅದನ್ನ ಇಟ್ಟಿದ್ರೆ ಅಂಕಲ್ ನಮ್ಮನ್ನ ಸುಮ್ನೆ ಬಿಡ್ತಿರ್ಲಿಲ್ಲ.

ಇಷ್ಟೆಲ್ಲ ಪಟ್ಟಿ ಮಾಡ್ಕೊಂಡು ತಲೆ ಕೆರ್ಕೊಂಡು ಕೂತಿದ್ದಾಗ ತಾತ ಬೀಡಿ ಆರಿಸಿ ಹೇಳಿದ್ರು, "ಅಲ್ಲ ಸಾಮಿ, ನಮ್ಮೂರ್ನಾಗೆ ಹೊಲದ ಬೇಲಿಗೆ ಯಾವೋನು ನರ್ಸರಿಗೆ ಓಗಿದ್ದ? ಬಂದರೆ ಗಿಡ ಹಾಕಕಿಲ್ವಾ. ದನ ಮೂಸೂ ನೋಡಕಿಲ್ಲ, ನೀರು ಕೇಳಕಿಲ್ಲ."

ಬಂದರೆ ಅಂದ್ರೆ ಬಂದುರಿಕೆ. ಪುಸ್ತಕದ ಹೆಸರು ಡೋಡೋನಿಯಾ ವಿಸ್ಕೋಸಾ. ರಾಮನಗರದ ಬಂಡೆಗುಡ್ಡ ಹತ್ತಿದೋರೆಲ್ಲ ನೋಡೇ ಇರ್ತೀರಿ, ಗುರುತಿಸಿರಲ್ಲ. ಉದ್ದುದ್ದ ಸಣ್ಣ ಎಲೆ, ಎಣ್ಣೆ ಸವರಿದ ಹಾಗೆ ಹೊಳೆಯುತ್ತೆ, ಮುಟ್ಟಿದ್ರೆ ಬೆರಳಿಗೆ ಸ್ವಲ್ಪ ಅಂಟಂಟು. ಕಾಯಿ ಕಾಗದದ ಥರ, ಮೂರು ರೆಕ್ಕೆ, ಹಣ್ಣಾದಾಗ ಕೆಂಪು ಗುಲಾಬಿ. ಕಲ್ಲು ಸಂದೀಲಿ, ನಾಲ್ಕು ತಿಂಗಳು ಮಳೆ ಇಲ್ಲದೇ ಇರೋ ಜಾಗದಲ್ಲಿ ಹಸಿರಾಗಿ ನಿಂತಿರುತ್ತೆ. ನಾನು ಆರೇಳು ನರ್ಸರಿ ಕೇಳ್ದೆ, ಲಾಲ್‌ಬಾಗ್ ಹತ್ರದ ಸಿದ್ದಾಪುರದ ಕಡೆ ಕೇಳ್ದೆ, ಲಾಲ್‌ಬಾಗ್ ಒಳಗಿರೋ ನರ್ಸರಿಮೆನ್ ಸೊಸೈಟಿಲೂ ಕೇಳ್ದೆ, ನಾನು ಹೋದ ದಿನ ಎಲ್ಲೂ ಇರ್ಲಿಲ್ಲ. ಪುಕ್ಕಟೆ ಬೆಳೆಯೋ ಗಿಡನ ಪ್ಯಾಕೆಟ್ಟಿಗೆ ಯಾರು ಹಾಕ್ತಾರೆ ಹೇಳಿ.

ಫೆಬ್ರವರಿಲಿ ತಾತನೇ ಊರಿಂದ ಟವೆಲ್ಲಿನ ಗಂಟಲ್ಲಿ ಕಾಯಿ ತಂದ್ರು. ಉಜ್ಜಿ ಹೊಟ್ಟು ಊದಿದ್ರೆ ಒಳಗೆ ಸಾಸಿವೆಗಿಂತ ಸ್ವಲ್ಪ ದಪ್ಪ ಕರೀ ಬೀಜ. ಸಿಪ್ಪೆ ಕಲ್ಲು, ನೀರು ಒಳಗೇ ಹೋಗಲ್ಲ, ಹಾಗೇ ಬಿತ್ತಿದ್ರೆ ಅಲ್ಲೊಂದು ಇಲ್ಲೊಂದು ಬರುತ್ತೆ. ನಾನು ಅರ್ಧ ಬೀಜ ಹಾಗೇ ಹಾಕ್ದೆ, ಅರ್ಧಕ್ಕೆ ಲೋಟಕ್ಕೆ ಹಾಕಿ ಒಲೆಯಿಂದ ಇಳಿಸಿದ ಕುದಿಯೋ ನೀರು ಸುರಿದು ರಾತ್ರಿ ಹಾಗೇ ಬಿಟ್ಟೆ. ಬೆಳಗ್ಗೆ ನೋಡಿದ್ರೆ ಬಿಸಿನೀರಿನ ಬೀಜ ಕೆಲವು ಉಬ್ಬಿ ಎರಡರಷ್ಟಾಗಿದ್ವು. ಹಾಲಿನ ಕವರ್‌ಗೆ ತೂತು ಮಾಡಿ ಮೂರು ಮೂರು ಹಾಕಿದ್ವಿ. ಮೂರು ವಾರಕ್ಕೆ ಬಿಸಿನೀರಿನ 30 ಕವರಲ್ಲಿ 22ರಲ್ಲಿ ಮೊಳಕೆ, ಹಾಗೇ ಹಾಕಿದ್ದರಲ್ಲಿ 4. ನಮ್ ಹುಡುಗಿಗೆ ಇದೇ ದೊಡ್ಡ ಮ್ಯಾಜಿಕ್, "ಅಪ್ಪಾ ಬೀಜಕ್ಕೆ ಸ್ನಾನ ಮಾಡ್ಸು" ಅಂತ ಈಗ್ಲೂ ಹೇಳ್ತಾಳೆ.

ಆದ್ರೂ ಒಂದೇ ಗಿಡದ ಮೇಲೆ ಪೂರ್ತಿ ಭಾರ ಹಾಕೋಕೆ ಧೈರ್ಯ ಬರ್ಲಿಲ್ಲ, ಒಂದ್ಸಲ ಕೈ ಸುಟ್ಕೊಂಡಾಗಿದೆ. 60 ಅಡಿನ ನಾಲ್ಕು ಭಾಗ ಮಾಡ್ದೆ, ತಲಾ 15 ಅಡಿ. ಗಿಡದಿಂದ ಗಿಡಕ್ಕೆ ಒಂದೂವರೆ ಅಡಿ, ಹಾಗಾಗಿ ಪ್ರತಿ ಭಾಗಕ್ಕೆ ಹತ್ತತ್ತು. ಮೊದಲ್ನೇದು ಬಂದುರಿಕೆ. ಎರಡನೇದು ಗೋರಂಟಿ, ಅಂದ್ರೆ ಕೈಗೆ ಹಚ್ಕೊಳ್ಳೋದು (ಮಂಗಳೂರು ಕಡೆಯೋರಿಗೆ ಗೋರಂಟೆ ಅಂದ್ರೆ ಬೇರೆ ಹೂ, ಇದನ್ನ ಅವ್ರು ಮದರಂಗಿ ಅಂತಾರೆ, ನನ್ ಹೆಂಡ್ತಿ ಕಡೆಯೋರ ಜೊತೆ ಇದೇ ಒಂದು ಜಗಳ). ಅಮ್ಮನ ತವರಿಂದ ಪೆನ್ಸಿಲ್ ದಪ್ಪದ, ಗೇಣುದ್ದದ ಕಡ್ಡಿ ತಂದು ಚುಚ್ಚಿ ಮಾಡ್ಕೊಂಡಿದ್ದು. ಮೂರನೇದು ಮುರಯಾ, ಕಾಮಿನಿ ಅಂತಲೂ ಮಾರ್ತಾರೆ, ನಮ್ ಕರಿಬೇವಿನ ಹತ್ತಿರದ ನೆಂಟ, ಎಲೆ ಚಿಕ್ಕದು, ಕಡುಹಸಿರು, ಮಳೆ ಬಿದ್ದ ವಾರದಲ್ಲಿ ಬಿಳಿ ಹೂ ಬಿಟ್ಟು ರಾತ್ರಿ ಬೀದಿಯೆಲ್ಲ ಘಮ ಅನ್ಸುತ್ತೆ. ಗಿಡಕ್ಕೆ 40 ರೂಪಾಯಿ ಕೊಟ್ಟೆ. ನಾಲ್ಕನೇದು ಯುಜೀನಿಯಾ, ಈಗಿನ ಫ್ಯಾಷನ್ನು, ಚಿಗುರು ತಾಮ್ರಗೆಂಪು, ಹೊಸ ವಿಲ್ಲಾಗಳ ಮುಂದೆ ಸಾಲಾಗಿ ನಿಂತಿರುತ್ತಲ್ಲ. 180 ರೂಪಾಯಿ ಒಂದಕ್ಕೆ. ಹೆಂಡ್ತಿ ಆಸೆಗೆ ತಗೊಂಡಿದ್ದು ಅಂತ ಹೇಳ್ಬೇಕು ಅನ್ಕೊಂಡಿದ್ದೆ, ನಿಜ ಏನಂದ್ರೆ ನನಗೇ ಆಸೆ ಆಗಿತ್ತು.

ಟ್ರೆಂಚು ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಆಳ, 60 ಅಡಿ ಉದ್ದ. ಲೆಕ್ಕ ಹಾಕಿದ್ರೆ 135 ಕ್ಯೂಬಿಕ್ ಅಡಿ. ಗೂಟ ಹೊಡೆದು ದಾರ ಕಟ್ಟಿ, ಜಾಲರಿಯಿಂದ ಎರಡಡಿ ಒಳಗೆ ಗೆರೆ ಹಾಕಿದ್ವಿ. ಈ ಎರಡಡಿ ಬಿಡೋದು ಮುಖ್ಯ, ಮೊದಲ ಸಲ ನಾನು ಜಾಲರಿಗೆ ಅಂಟಿಸಿ ಹಾಕಿ, ಆ ಕಡೆ ಕತ್ತರಿಸೋಕೆ ಪ್ರತಿ ಸಲ ಅಂಕಲ್ ಮನೆ ಗೇಟ್ ತಟ್ಟಬೇಕಾಗಿತ್ತು. ಪಿಕಾಸಿ, ಹಾರೆ, ಗುದ್ದಲಿ, ಎರಡು ಬಾಂಡ್ಲಿ. ಮೂರು ಭಾನುವಾರ ಹಿಡೀತು. ಮರಳು ಸೋಸೋ ಜರಡಿನ ತೆಂಗಿನ ಮರಕ್ಕೆ ಒರಗಿಸಿ ತೆಗೆದ ಮಣ್ಣನ್ನೆಲ್ಲ ಅದಕ್ಕೆ ಎರಚಿ, ಬಿದ್ದ ಸಣ್ಣ ಮಣ್ಣಲ್ಲೂ ವಿನೆಗರ್ ನೊರೆ ಬರ್ತಿದ್ದ ಭಾಗ ಪೂರ್ತಿ ಹೊರಗೆ ಹಾಕ್ದೆ. ಒಂದು ಟ್ರ್ಯಾಕ್ಟರ್ ಕೆಮ್ಮಣ್ಣು ತರಿಸಿದ್ವಿ. ಮೂರು ಬಾಂಡ್ಲಿ ಮಣ್ಣಿಗೆ ಒಂದು ಬಾಂಡ್ಲಿ ಹಳೇ ಕೊಟ್ಟಿಗೆ ಗೊಬ್ಬರ, ಗಿಡಕ್ಕೆ ಎರಡು ಹಿಡಿ ಬೇವಿನ ಹಿಂಡಿ. ಅಷ್ಟೆ. ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಹಾಕ್ಲಿಲ್ಲ, ಅದ್ರ ಬದ್ಲು ಮೂಲೆ ಎಳನೀರು ಅಂಗಡಿಯಣ್ಣನ ಹತ್ರ ಬುರುಡೆ ಕೇಳಿದ್ರೆ "ತಗೊಂಡೋಗಿ ಸಾರ್, ಪುಣ್ಯ ಬರುತ್ತೆ" ಅಂತ ಆಟೋ ತುಂಬಾ ಕೊಟ್ರು. ಟ್ರೆಂಚಿನ ತಳಕ್ಕೆ ಬಾಯಿ ಮೇಲಾಗಿ ಒಂದು ಸಾಲು ಜೋಡಿಸಿ ಮೇಲೆ ಮಣ್ಣು. ತೆಂಗಿನ ತೋಟದಲ್ಲಿ ತೇವ ಹಿಡಿಯೋಕೆ ಮಾಡೋ ಹಳೇ ಉಪಾಯ. ಇದ್ರಲ್ಲಿ ನಾನೊಂದು ತಪ್ಪು ಮಾಡಿದ್ದೆ, ಆಮೇಲೆ ಹೇಳ್ತೀನಿ.

2023ರ ಜೂನ್ ಮೂರನೇ ವಾರ ನೆಟ್ವಿ. ನೆಟ್ಟ ದಿನಾನೇ ತಾತ ಎಲ್ಲಾ ಗಿಡದ ತುದಿ ಪಟಪಟ ಅಂತ ಚಿವುಟಿ ಹಾಕ್ತಾ ಹೋದ್ರು, ನನಗೆ ಹೊಟ್ಟೆ ಉರೀತು, 180 ರೂಪಾಯಿ ಗಿಡದ್ದೂ ಬಿಡ್ಲಿಲ್ಲ. ಆದ್ರೆ ಅದೇ ಸರಿ. ಮೊದಲ ವರ್ಷ ಗಿಡ ಎತ್ತರ ಹೋಗೋಕೆ ಬಿಟ್ರೆ ಬುಡದಲ್ಲಿ ಕೊಂಬೆ ಬರಲ್ಲ, ಆಮೇಲೆ ಮೇಲೆ ಛತ್ರಿ ಕೆಳಗೆ ಬರೀ ಕಡ್ಡಿ, ನಾಯಿ ನುಗ್ಗೋಕೆ ಸಲೀಸು. ಒಂದಡಿಗೊಂದ್ಸಲ, ಎರಡಡಿಗೊಂದ್ಸಲ ತುದಿ ತೆಗೆದ್ರೆ ಕೆಳಗಿಂದನೇ ತುಂಬ್ಕೊಂಡು ಬರುತ್ತೆ.

ರಸ್ತೆ ಕಡೆ ಕಥೆ ಬೇರೆ, ಅಲ್ಲಿ ಮರೆಗಿಂತ ತಡೆ ಬೇಕು. ಗೇಟು ಬಿಟ್ಟು 30 ಅಡಿ. ಅಲ್ಲಿಗೆ ಕವಳೆ ಹಾಕ್ದೆ, ಕರಂಡೆ ಅಂತಾರಲ್ಲ ಕರಾವಳಿ ಕಡೆ, ಉಪ್ಪಿನಕಾಯಿ ಹಾಕೋ ಹುಳಿ ಕಾಯಿ. ಎರಡೂವರೆ ಅಡಿಗೊಂದರಂತೆ 12 ಗಿಡ. ಮುಳ್ಳು ಜೋಡಿ ಜೋಡಿ ಇರುತ್ತೆ, ಎಲೆ ಕಿತ್ರೆ ಹಾಲು ಸುರಿಯುತ್ತೆ, ಹಸು ಒಂದ್ಸಲ ಮೂತಿ ಇಟ್ಟು ಹಿಂದೆ ಎಳ್ಕೊಂಡಿದ್ದು ನಾನೇ ನೋಡಿದೀನಿ. ಹೂ ಮಲ್ಲಿಗೆ ಥರ, ವಾಸನೆನೂ ಹಾಗೇ. ನಿಧಾನ ಅಂದ್ರೆ ನಿಧಾನ, ಮೊದಲ ವರ್ಷ ನಿಂತಲ್ಲೇ ನಿಂತಿತ್ತು, ಬದುಕಿದೆಯೋ ಇಲ್ವೋ ಅಂತ ಉಗುರಲ್ಲಿ ತೊಗಟೆ ಕೆರೆದು ನೋಡ್ತಿದ್ದೆ. ಜಾಲರಿಯಿಂದ ಹೊರಗೆ ಕೊಂಬೆ ಬರೋಕೆ ಮಾತ್ರ ಬಿಡ್ಬಾರ್ದು, ಫುಟ್‌ಪಾತಲ್ಲಿ ಸ್ಕೂಲ್ ಮಕ್ಕಳು ಓಡಾಡ್ತಾರೆ.

ನೆಟ್ಟ ವರ್ಷವೇ ಮುಂಗಾರು ಕೈಕೊಡ್ತು. 2023, ನೆನಪಿರ್ಬಹುದು, ಸರ್ಕಾರ ಬರ ಘೋಷಣೆ ಮಾಡಿದ ವರ್ಷ. ಡಿಸೆಂಬರ್ ತನಕ ಹೇಗೋ ನೀರು ಹಾಕಿ ಹಿಡ್ಕೊಂಡ್ವಿ. 2024ರ ಫೆಬ್ರವರಿ ಕೊನೇಲಿ ನಮ್ ಬೋರ್‌ವೆಲ್ ಬರೀ ಗಾಳಿ ಉಗುಳೋಕೆ ಶುರು ಮಾಡ್ತು. ಮಾರ್ಚಲ್ಲಿ ಜಲಮಂಡಳಿ ಆದೇಶ ಬಂತು, ಕುಡಿಯೋ ನೀರಲ್ಲಿ ಕಾರು ತೊಳೆಯೋ ಹಾಗಿಲ್ಲ, ಗಿಡಕ್ಕೆ ಹಾಕೋ ಹಾಗಿಲ್ಲ, ಹಾಕಿದ್ರೆ 5000 ರೂಪಾಯಿ ದಂಡ. ಟ್ಯಾಂಕರಿಗೆ ಫೋನ್ ಮಾಡಿದ್ರೆ ನಾಳೆ ಬಾ ನಾಡಿದ್ದು ಬಾ. ಮನುಷ್ಯರಿಗೇ ಸ್ನಾನಕ್ಕೆ ಅರ್ಧ ಬಕೆಟ್ಟು, ಇನ್ನು ಬೇಲಿಗೆಲ್ಲಿ. ಅಕ್ಕಿ ತೊಳೆದ ನೀರು, ತರಕಾರಿ ತೊಳೆದ ನೀರು ಒಂದು ಬಕೆಟ್ಟಲ್ಲಿ ಕೂಡಿಟ್ಟು ದಿನಕ್ಕೆ ಐದಾರು ಗಿಡಕ್ಕೆ ಒಂದೊಂದು ಚೊಂಬು, ಅಂದ್ರೆ ಒಂದು ಗಿಡದ ಪಾಳಿ ವಾರಕ್ಕೊಂದ್ಸಲ ಬಂದ್ರೆ ಹೆಚ್ಚು. ಒಗೆಯೋ ಮಷೀನಿನ ನೀರು ಹಾಕೋಣ ಅಂತಿದ್ದೆ, ಡಿಟರ್ಜೆಂಟಿನ ಸೋಡಿಯಂ ಸೇರಿದ್ರೆ ಇರೋ ಮಣ್ಣೂ ಹಾಳು ಅಂತ ಬಿಟ್ಟೆ. ಏಪ್ರಿಲ್ ಪೂರ್ತಿ ನಮ್ ಏರಿಯಾದಲ್ಲಿ ಒಂದು ಹನಿ ಬೀಳ್ಲಿಲ್ಲ, ಸಾಮಾನ್ಯವಾಗಿ ಯುಗಾದಿ ಕಳೆದ್ಮೇಲೆ ಒಂದಾದ್ರೂ ಗುಡುಗಿನ ಮಳೆ ಬರೋ ಊರು ಇದು.

ಬೇಲಿ ಗಿಡ ಆರಿಸೋಕೆ ಇದಕ್ಕಿಂತ ಕ್ರೂರ ಪರೀಕ್ಷೆ ನಾನೇ ಇಟ್ಟಿದ್ರೂ ಇಡೋಕಾಗ್ತಿರ್ಲಿಲ್ಲ.

ಮೊದ್ಲು ಕೈ ಎತ್ತಿದ್ದು ಯುಜೀನಿಯಾ. ಮಾರ್ಚ್ ಎರಡನೇ ವಾರಕ್ಕೆ ಎಲೆ ಅಂಚು ಕಂದಿ, ಆಮೇಲೆ ಒಂದೊಂದು ಗಿಡ ಮೇಲಿಂದ ಕೆಳಗೆ ಹಪ್ಪಳ. ಹತ್ತರಲ್ಲಿ ಉಳಿದಿದ್ದು ಮೂರು, 1260 ರೂಪಾಯಿ ಒಣಕಡ್ಡಿ. ಗಿಡದ ತಪ್ಪಲ್ಲ ಬಿಡಿ, ಅದು ತೇವ ಇರೋ ಕಡೆಯ ಗಿಡ, ದಿನಾ ನೀರಿರೋ ಮನೇಲಿ ಚೆನ್ನಾಗೇ ಇರುತ್ತೆ. ಗೋರಂಟಿ ಬೇರೆ ಆಟ ಆಡ್ತು, ಎಲೆಯೆಲ್ಲ ಉದುರಿಸಿ ಬೋಳು ಕಡ್ಡಿ ಆಗಿ ನಿಂತ್ಬಿಡ್ತು, ನಾನು ಹೋಯ್ತು ಅನ್ಕೊಂಡೆ, ತಾತ ಒಂದು ಕಡ್ಡಿ ಮುರಿದು ತೋರಿಸಿದ್ರು, ಒಳಗೆ ಹಸಿರು. ಮೇ ತಿಂಗಳ ಮಳೆ ಬಿದ್ದ ಎಂಟು ದಿನಕ್ಕೆ ಹತ್ತಕ್ಕೆ ಹತ್ತೂ ಚಿಗುರಿದ್ವು. ಮುರಯಾ ಎಲೆ ಸುರುಟ್ಕೊಂಡು ಮಂಕಾಗಿ, ಬೆಳವಣಿಗೆ ನಿಲ್ಲಿಸಿ, ಹಲ್ಲು ಕಚ್ಕೊಂಡು ಇತ್ತು. ಬಂದುರಿಕೆಗೆ ಬರ ಬಂದಿದ್ದೇ ಗೊತ್ತಾಗ್ಲಿಲ್ಲ ಅನ್ಸುತ್ತೆ. ಹತ್ತರಲ್ಲಿ ಒಂದು ಹೋಗಿತ್ತು, ಅದೂ ನೆಟ್ಟ ತಿಂಗಳಲ್ಲೇ, ಕವರ್ ಹರಿಯುವಾಗ ನನ್ ಕೈಲಿ ಹೆಂಟೆ ಒಡೆದು ಬೇರು ಬಿಟ್ಕೊಂಡಿತ್ತು. ಉಳಿದ ಒಂಬತ್ತು ಏಪ್ರಿಲ್ ಬಿಸಿಲಲ್ಲಿ ಹೊಸ ಎಲೆ ಬಿಡ್ತಾ ಇದ್ವು. ತಾತ ಏನೂ ಮಾತಾಡ್ಲಿಲ್ಲ, ನನ್ ಕಡೆ ನೋಡಿ ಮೀಸೆಯಲ್ಲೇ ನಕ್ರು.

ಈಗ ಆ ಬುರುಡೆ ತಪ್ಪು. ಎಳನೀರು ಬುರುಡೆ ಪೂರ್ತಿ ಮಣ್ಣಲ್ಲಿ ಮುಚ್ಚಿ ತೇವ ಇದ್ರೆ ಒಳ್ಳೇದು. ನಾನು ಜಾಣತನ ಮಾಡಿ, ಮಿಕ್ಕ ಬುರುಡೆನ ಮುರಯಾ ಬುಡದ ಸುತ್ತ ಮೇಲ್ಮೇಲೇ ಮಲ್ಚಿಂಗ್ ಥರ, ಅಂದ್ರೆ ಮಣ್ಣಿಗೆ ಹೊದಿಕೆ ಹಾಗೆ, ಜೋಡಿಸಿದ್ದೆ. ಫೆಬ್ರವರಿಗೆ ಒಣಗಿ ಗರಿಗರಿ ಆಯ್ತು, ಗೆದ್ದಲಿಗೆ ಹಬ್ಬ. ಒಂದಿನ ಬಗ್ಗಿ ನೋಡಿದ್ರೆ ಎರಡು ಗಿಡದ ಕಾಂಡಕ್ಕೆ ಮಣ್ಣಿನ ಪದರ, ಬೆರಳಲ್ಲಿ ತಳ್ಳಿದ್ರೆ ಒಳಗೆ ಬಿಳಿ ಹುಳ ಚೆಲ್ಲಾಪಿಲ್ಲಿ, ತೊಗಟೆ ಸುತ್ತಲೂ ತಿಂದು ಮುಗಿಸಿದ್ವು. ಮುರಯಾದಲ್ಲಿ ಸತ್ತ ಎರಡೂ ಇವೇ. ಬುರುಡೆ ಎಲ್ಲ ಕಿತ್ತು ದೂರ ಹಾಕಿ, ಕಾಂಡದಿಂದ ಒಂದು ಗೇಣು ಜಾಗ ಬೋಳು ಬಿಟ್ಟು, ಆಮೇಲೆ ಬರೀ ಒಣ ಎಲೆ ತೆಳ್ಳಗೆ ಹರಡಿದೀನಿ.

40ರಲ್ಲಿ ಉಳಿದಿದ್ದು 30. ಅದೇ ಫೆಬ್ರವರಿಲಿ ಮತ್ತೆ ಒಂದಿಷ್ಟು ಬಂದುರಿಕೆ ಬೀಜಕ್ಕೆ ಬಿಸಿನೀರು ಸ್ನಾನ ಮಾಡಿಸಿ ಇಟ್ಟಿದ್ದು ಒಳ್ಳೇದಾಯ್ತು, ಜೂನಲ್ಲಿ ಯುಜೀನಿಯಾ ಜಾಗಕ್ಕೆ ಪೂರ್ತಿ ಅದೇ ಹೋಯ್ತು. ಬದುಕಿದ್ದ ಮೂರು ಯುಜೀನಿಯಾನ ಬಚ್ಚಲು ನೀರು ಹೋಗೋ ಮೂಲೆಗೆ ವರ್ಗಾವಣೆ ಮಾಡಿದೀನಿ, ಅಲ್ಲಿ ರಾಣಿಯರ ಥರ ಇದ್ದಾವೆ. ಬಾವಿ ಕಟ್ಟೆ ಹಿಂದೆ ಖಾಲಿ ಇದ್ದ ಏಳೆಂಟಡಿಗೆ ಆಡುಸೋಗೆ ಕಡ್ಡಿ ಚುಚ್ಚಿದ್ವಿ, ಎಲೆ ದೊಡ್ಡದು, ಕತ್ತರಿಸಿದ್ರೆ ಹರಿದ ಹಾಗೆ ಕಾಣುತ್ತೆ, ಆದ್ರೆ ಅಲ್ಲಿ ಯಾರು ನೋಡ್ತಾರೆ, ಕೆಮ್ಮು ಬಂದಾಗ ಅಮ್ಮನಿಗೆ ಕಷಾಯಕ್ಕೆ ಆಗುತ್ತೆ.

ಕತ್ತರಿ ವಿಷಯ. ಎರಡು ಸಂಗತಿ ತಡವಾಗಿ ಕಲ್ತೆ. ಒಂದು, ಆಕಾರ. ನಾನು ಮೊದ್ಲು ಗೋಡೆ ಥರ ನೇರ ಕತ್ತರಿಸ್ತಿದ್ದೆ, ನೇರ ಅನ್ಕೊಂಡ್ರೂ ಕೈ ಸೋತು ಮೇಲ್ಗಡೆ ಅಗಲ ಆಗಿರ್ತಿತ್ತು, ಮೇಲಿನ ನೆರಳಿಗೆ ಬುಡ ಬೋಳಾಗ್ತಿತ್ತು. ಈಗ ಬುಡ ಎರಡಡಿ ಅಗಲ, ಮೇಲೆ ಒಂದೂಕಾಲು ಅಡಿ, ಇಡ್ಲಿ ಪಾತ್ರೆ ಮಗುಚಿದ ಹಾಗೆ ಸ್ವಲ್ಪ ಓರೆ. ಎರಡು ಕೋಲು ನೆಟ್ಟು ಓರೆಗೆ ದಾರ ಕಟ್ಕೊಂಡು ಕತ್ತರಿಸ್ತೀನಿ. ಇನ್ನೊಂದು, ಕತ್ತರಿ ಹರಿತ. ಮೊಂಡು ಕತ್ತರಿ ಎಲೆನ ಕತ್ತರಿಸಲ್ಲ, ಜಗಿಯುತ್ತೆ, ಎರಡು ದಿನಕ್ಕೆ ಬೇಲಿ ಮೇಲೆಲ್ಲ ಕಂದು ಅಂಚು. ಅರ ತಗೊಂಡು ಒಂದೇ ದಿಕ್ಕಲ್ಲಿ ಏಳೆಂಟು ಸಲ ಎಳೆದು, ನಟ್ಟು ಬಿಗಿ ಮಾಡಿ, ಒಂದು ಹನಿ ಹೊಲಿಗೆ ಮಷೀನ್ ಎಣ್ಣೆ. ಹತ್ತು ನಿಮಿಷದ ಕೆಲ್ಸ, ಎರಡು ವರ್ಷ ಮಾಡಿರ್ಲಿಲ್ಲ.

ಈಗ ದೊಡ್ಡ ಕತ್ತರಿಸೋದು ವರ್ಷಕ್ಕೆ ಎರಡು ಸಲ, ಜೂನ್ ಕೊನೆಗೊಂದ್ಸಲ, ಅಕ್ಟೋಬರಲ್ಲಿ ಮಳೆ ಬಿಡುವಾಗ ಒಂದ್ಸಲ. ಫೆಬ್ರವರಿಯಿಂದ ಮೇ ತನಕ ಮುಟ್ಟೋದೇ ಇಲ್ಲ, ಚಿಗುರಿಸಿ ಬಿಸಿಲಿಗೆ ಒಡ್ಡಿದ್ರೆ ನೀರು ಕೇಳುತ್ತೆ. ಗೋರಂಟಿಗೆ ಮಾತ್ರ ಮಧ್ಯ ಆಗಸ್ಟಲ್ಲಿ ಇನ್ನೊಂದ್ಸಲ ಬೇಕು, ಅದು ಮಳೇಲಿ ಚೇಷ್ಟೆ ಮಾಡುತ್ತೆ, ಗೌರಿ ಹಬ್ಬದ ಮುಂಚೆ ಕತ್ತರಿಸಿದ್ರೆ ಬೀದಿ ಹೆಣ್ಮಕ್ಕಳೇ ಬಂದು ಸೊಪ್ಪು ಹೊತ್ಕೊಂಡು ಹೋಗ್ತಾರೆ, ಗೋಣಿಚೀಲದ ಚಿಂತೆ ಇಲ್ಲ. ಕವಳೆಗೆ ವರ್ಷಕ್ಕೊಂದೇ, ದಪ್ಪ ಗ್ಲೌಸ್ ಹಾಕ್ಕೊಂಡು. 2025ರ ಕ್ಯಾಲೆಂಡರಲ್ಲಿ ಇಂಟು ಮಾರ್ಕು ನಾಲ್ಕು. ಬಂದುರಿಕೆ ನಾಲ್ಕೂವರೆ ಅಡಿ ಇದೆ, ಮುರಯಾ ಮೂರೂವರೆ, ಕವಳೆ ಮೂರಡಿ ಮುಟ್ಟಿ ಈ ವರ್ಷ ಮೊದಲ ಸಲ ಅರ್ಧ ಸೇರು ಕಾಯಿ ಕೊಡ್ತು, ಅಮ್ಮ ಉಪ್ಪಿನಕಾಯಿ ಹಾಕಿ ಒಂದು ಬಾಟ್ಲಿ ಅಂಕಲ್ ಮನೆಗೂ ಕಳ್ಸಿದ್ರು.

ಉಳಿದಿರೋ ತಲೆನೋವು ಒಂದೇ, ಗೋರಂಟಿ ಭಾಗ. ಫೆಬ್ರವರಿ ಮಾರ್ಚಲ್ಲಿ ಎಲೆ ಉದುರಿಸಿದಾಗ ಆ 15 ಅಡಿ ಪೂರ್ತಿ ಕಿಟಕಿ ತೆಗೆದಿಟ್ಟ ಹಾಗೆ, ಅಂಕಲ್ ಮತ್ತೆ ಹಲ್ಲುಜ್ಜುತ್ತಾ ಕಾಣಿಸ್ತಾರೆ, "ಏನಪ್ಪಾ, ನಿಮ್ ಬೇಲಿ ರಜೆ ಮೇಲೆ ಹೋಯ್ತಾ" ಅಂತಾರೆ. ಕಿತ್ತು ಹಾಕೋಕೆ ಅಮ್ಮ ಬಿಡಲ್ಲ, ತವರಿನ ಕಡ್ಡಿ. ಹಾಗಾಗಿ ಗೋರಂಟಿ ಸಾಲಿನ ಒಳಗಡೆ, ಒಂದೂವರೆ ಅಡಿ ಬಿಟ್ಟು, ಎರಡು ಗೋರಂಟಿ ನಡುವಿನ ಸಂದಿಗೆ ಎದುರಾಗಿ ಬಂದುರಿಕೆಯ ಎರಡನೇ ಸಾಲು ಹಾಕೋಣ ಅಂತ ತಾತ ಹೇಳಿದ್ದಾರೆ. ಒಂಬತ್ತು ಗಿಡ ಸಾಕು. ಹಾಲಿನ ಕವರ್ ಕೂಡಿಡ್ತಾ ಇದೀವಿ, ಫೆಬ್ರವರಿಲಿ ಟವೆಲ್ ಗಂಟು ಬರಬೇಕು.